ಹಿತ್ತಲ ಖೋಲಿಯ ಮಾಗುಲವ್ವ

ಮಾತು ತಿಳಿಯದವರ ಎದುರು ದನಿ ಏರಿಸಿದರೆ ತಿಳಿದೇ ತಿಳಿಯುತ್ತದೆ ಎಂಬುದು ದೇವಕ್ಕನ ನಂಬಿಕೆ. ಹೀಗಾಗಿ ಹಿತ್ತಲ ಖೋಲಿಗೆ ಬಾಡಿಗೆಗೆ ಬಂದ ಹೆಂಗಸಿನ ಜೊತೆ ಆಕೆ ಮಾತಿಗೆ ನಿಂತಳೆಂದರೆ ಬೈಲಹೊಂಗಲದ ಆ ಓಣಿಯ ತುದಿಯಲ್ಲಿದ್ದ ಗಿರಣಿಯವರೆಗೂ ಕೇಳಿಸುತ್ತಿತ್ತು.

"ಊಟಾ ಆತೇನವಾ? ಊಟಾ! ಊಟಾ!"

ಎದುರಿನವಳು ತಲೆಯ ಮೇಲಿನ ಚಾದರು ಸರಿಮಾಡಿಕೊಂಡು, ಬಲಗೈ ಎದೆಗಿಟ್ಟು, ತಲೆ ಬಾಗಿಸಿ ನಗುತ್ತಿದ್ದಳು.

"ಎದಿ ಮುಟ್ಟಿಕೊಂಡ್ರ ಏನ ತಿಳಕೋಬೇಕ? ಹಸದೈತಿ ಅಂತನೋ, ಹೊಟ್ಟಿ ತುಂಬೈತಿ ಅಂತನೋ?" ಎಂದು ದೇವಕ್ಕ ಸೊಸೆಯ ಕಡೆ ತಿರುಗುವಳು.

ಸೊಸೆ ರಾಜೇಶ್ವರಿ ಕೈಯಲ್ಲಿನ ಸೊಪ್ಪು ಬಿಡದೆ ಹೇಳುವಳು: "ಬಾಡಿಗಿಯವರು ಬಾಡಿಗಿಯವರಂಗ ಇರಲಿ ಬಿಡ್ರಿ ಅತ್ತಿ. ಭಾಳ ಹಚಗೋಬ್ಯಾಡ್ರಿ."

ಬಾಡಿಗೆಯವಳ ಹೆಸರು ಮಾಹ್‌ಗುಲ್. ಈ ಓಣಿಯ ನಾಲಗೆಗೆ ಅದು ಒಗ್ಗದೆ ವಾರ ಕಳೆಯುವಷ್ಟರಲ್ಲಿ ಮಾಗುಲವ್ವ ಆಯಿತು. ಊರು ಅಫಘಾನಿಸ್ತಾನದ ಮಜಾರ್. ಗಂಡ ನಜೀಬ ಧಾರವಾಡಕ್ಕೆ ಕೃಷಿ ಓದಲು ಬಂದಿದ್ದಾಗಲೇ ಅವನ ದೇಶದಲ್ಲಿ ಸರಕಾರ ಉರುಳಿತು. ತಿರುಗಿ ಹೋದರೆ ಜೀವಕ್ಕೆ ಕುತ್ತು, ಇಲ್ಲೇ ಉಳಿದರೆ ಹೆಂಡತಿ ಮಗಳು ಅಲ್ಲಿ. ವರ್ಷಗಟ್ಟಲೆ ಮಾಹ್‌ಗುಲ್ ಗಂಡನ ಮುಖವನ್ನು ಫೋನಿನಲ್ಲಿ ನೋಡಿದಳು. ಮಗಳು ಸಹರ್ ಆರನೆಯ ಇಯತ್ತೆ ಮುಟ್ಟುವ ಹೊತ್ತು ಬಂತು. ಅದರಾಚೆ ಆ ದೇಶದಲ್ಲಿ ಹುಡುಗಿಯರಿಗೆ ಶಾಲೆಯಿಲ್ಲ. ಆಗ ಅವಳು ಮಗಳ ಕೈ ಹಿಡಿದು, ಇರಾನಿನ ಮೂಲಕ ಹಾದು, ಹೇಗೋ ದಿಲ್ಲಿಗೆ ಬಂದಳು. ಅಲ್ಲಿಯ ನಿರಾಶ್ರಿತರ ಕಚೇರಿಯ ಚೀಟಿ ಹಿಡಿದು ಧಾರವಾಡಕ್ಕೆ ಬಂದಳು. ಅಲ್ಲಿ ಗಂಡನ ಗೆಳೆಯನ ಮನೆಯಲ್ಲಿ ಕೆಲ ತಿಂಗಳು. ಆಮೇಲೆ ನಜೀಬನಿಗೆ ಬೀಜದ ಕಂಪನಿಯೊಂದರ ಪ್ರಯೋಗದ ಹೊಲ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೊಲ ಸವದತ್ತಿಯ ಆಚೆ, ಉಗರಗೋಳದ ಬಳಿ. ಅವನು ಅಲ್ಲೇ ಶೆಡ್ಡಿನಲ್ಲಿ ಮಲಗಿ ವಾರಕ್ಕೊಮ್ಮೆ ಬಸ್ಸು ಹತ್ತಿ ಬರುವನು. ಶಾಲೆ ಹತ್ತಿರವಿದೆ ಎಂದು ಹೆಂಡತಿ ಮಗಳನ್ನು ಬೈಲಹೊಂಗಲದಲ್ಲಿ ದೇವಕ್ಕನ ಹಿತ್ತಲ ಖೋಲಿಯಲ್ಲಿಟ್ಟಿದ್ದ. ದೇವಕ್ಕನ ಮಗ ಸಿದ್ಧಾರೂಢನದು ಬಜಾರದಲ್ಲಿ ಗೊಬ್ಬರದ ಅಂಗಡಿ. ನಜೀಬನ ಪರಿಚಯ ಅಲ್ಲಿಯದೇ.

ಮುಂಜಾನೆ ಸಹರ್ ಶಾಲೆಗೆ ಹೋದ ಮೇಲೆ ಮಾಹ್‌ಗುಲ್‌ಗೆ ಸಂಜೆಯವರೆಗೆ ಮಾತಾಡಲು ಯಾರೂ ಇಲ್ಲ. ಕಸ ಗುಡಿಸುವಳು. ಗುಡಿಸಿದ್ದನ್ನೇ ಮತ್ತೆ ಗುಡಿಸುವಳು. ಗೋಡೆಯ ಆಚೆ ದೇವಕ್ಕನ ಮನೆಯ ಮಾತು ಹೊಳೆಯ ಹಾಗೆ ಹರಿಯುತ್ತಿರುತ್ತಿತ್ತು. ಆ ಹೊಳೆಯಲ್ಲಿ ಆಗಾಗ ಒಂದು ಶಬ್ದ ಮೀನಿನಂತೆ ಮೇಲೆ ಹಾರುತ್ತಿತ್ತು: ದವಾಖಾನಿ, ದುಕಾನ, ಜಮೀನ, ತಯಾರ. ಎಲ್ಲ ಅವಳ ಊರಿನ ಶಬ್ದಗಳೇ! ಅವಳು ಪೊರಕೆ ಹಿಡಿದು ನಿಂತೇಬಿಡುವಳು. ಅಷ್ಟರಲ್ಲಿ ಹೊಳೆ ಮುಂದೆ ಹೋಗಿರುತ್ತಿತ್ತು.

ಒಂದು ದಿನ ದೇವಕ್ಕ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದುಕೊಟ್ಟಳು. ಮಾಹ್‌ಗುಲ್ ಮರುದಿನ ಡಬ್ಬಿಯನ್ನು ತಿಕ್ಕಿ ತೊಳೆದು, ಕನ್ನಡಿಯ ಹಾಗೆ ಮಾಡಿ ಒಯ್ದು ಕೊಟ್ಟಳು. ದೇವಕ್ಕ ಮುಚ್ಚಳ ತೆಗೆದು ನೋಡಿ ನಾಲಗೆ ಕಡಿದುಕೊಂಡಳು.

"ಅಯ್ಯ, ಖಾಲಿ ಡಬ್ಬಿ ಕೊಡಬಾರದವಾ! ಏನರೆ ಹಾಕಿ ಕೊಡಬೇಕು. ಖಾಲಿ ಕೊಟ್ರ ಕೊಟ್ಟವ್ರಿಗೂ ಸುಖಾ ಇಲ್ಲ, ಇಸಗೊಂಡವ್ರಿಗೂ ಸುಖಾ ಇಲ್ಲ." ಆಕೆಯೇ ಒಳಗಿನಿಂದ ಒಂದು ಚಿಟಿಕೆ ಸಕ್ಕರೆ ತಂದು ಮಾಹ್‌ಗುಲ್‌ಳ ಕೈಯಲ್ಲಿಟ್ಟು, ಆ ಕೈಯಿಂದಲೇ ಡಬ್ಬಿಗೆ ಹಾಕಿಸಿದಳು. "ಹಿಂಗ. ತಿಳೀತಿಲ್ಲೋ? ಹಿಂಗ!"

ಇದು ಮಾತ್ರ ಮಾಹ್‌ಗುಲ್‌ಗೆ ಪೂರ್ತಿ ತಿಳಿಯಿತು. ಅಂದಿನಿಂದ ಡಬ್ಬಿ ಅತ್ತಿತ್ತ ಓಡಾಡತೊಡಗಿತು. ಅತ್ತಲಿಂದ ಕಡಕ್ ರೊಟ್ಟಿ, ಇತ್ತಲಿಂದ ಹಿಡಿ ದ್ರಾಕ್ಷಿ. ಅತ್ತಲಿಂದ ಮಾದಲಿ, ಇತ್ತಲಿಂದ ಹುರಿದ ಕಡಲೆ. ಇಡೀ ಬೈಲಹೊಂಗಲದಲ್ಲಿ ಅವಳು ತಪ್ಪಿಲ್ಲದೆ ಆಡಬಲ್ಲ ಮಾತು ಅದೊಂದೇ.

ಆದರೆ ಸಹರ್ ಕನ್ನಡವನ್ನು ನೀರು ಕುಡಿದ ಹಾಗೆ ಕುಡಿದಳು. ಹೆಡ್‌ಮಾಸ್ತರರು ಅವಳನ್ನು ನಾಲ್ಕನೆಯ ಇಯತ್ತೆಯ ಸಣ್ಣ ಮಕ್ಕಳ ನಡುವೆ ಕೂರಿಸಿ, "ಮೊದಲನೇ ಪರೀಕ್ಷಾ ಆಗಲಿ, ಬರಿಯಾಕ ಬಂದ್ರ ಹೆಸರು ಹಚ್ಚತೇನಿ. ಇಲ್ಲಂದ್ರ ಆಗೂದಿಲ್ಲ ನೋಡ್ರಿ," ಎಂದಿದ್ದರು. ಹುಡುಗಿ ಶಾಲೆಯಿಂದ ಬಂದವಳೇ ಚೀಲ ಒಗೆದು ದೇವಕ್ಕನ ಅಡುಗೆಮನೆಗೆ ಓಡುವಳು. "ಆಯಿ, ರೊಟ್ಟಿ ಕೊಡು. ಚಟ್ನಿ ಭಾಳ ಹಾಕು!" ಆ ನಗು, ಆ ಗದ್ದಲ ಗೋಡೆಯ ಈಚೆಗೆ ಕೇಳುವುದು. ತಾಯಿ ಮಾಡಿಟ್ಟ ಅನ್ನ ಇಲ್ಲಿ ಆರುವುದು.

ಒಂದು ಸಂಜೆ ಇಬ್ಬರೂ ಉಣ್ಣುತ್ತಿದ್ದಾಗ ಸಹರ್, "ನಂಗ ಸಾಕು," ಎಂದು ತಾಟು ಸರಿಸಿದಳು.

ಮಾಹ್‌ಗುಲ್ ತಮ್ಮ ಭಾಷೆಯಲ್ಲಿ ಕೇಳಿದಳು: "ಏನು ಹೇಳಿದೆ?"

"ಸಾಕು ಅಂದೆ."

"ಈ ಬಾಗಿಲಿನ ಹೊರಗೆ ಏನಾದರೂ ಮಾತಾಡು. ಒಳಗೆ ನಮ್ಮ ಮಾತು. ಅವರ ಮಾತಿನಲ್ಲಿ ಹೇಳಿದ್ದು ನನಗೆ ಕೇಳಿಸುವುದಿಲ್ಲ."

"ಕಲಿತರೆ ಕೇಳಿಸುತ್ತದೆ, ಮಾದರ್."

"ಎಲ್ಲ ಬಿಟ್ಟು ಬಂದೆವು. ಇದೊಂದಾದರೂ ನನ್ನ ಮನೆಯಲ್ಲಿ ಇರಲಿ."

ಹುಡುಗಿ ಮುಖ ಊದಿಸಿಕೊಂಡಳು. ಆಮೇಲಿಂದ ಮನೆಯಲ್ಲಿ ಅವಳ ಮಾತೇ ಕಡಿಮೆಯಾಯಿತು.

ಇನ್ನೊಂದು ಸಂಗತಿ ಮಾಹ್‌ಗುಲ್‌ಳನ್ನು ಕಾಡುತ್ತಿತ್ತು. ಇಷ್ಟು ದೊಡ್ಡ ಮನೆ, ಕಡೆದ ಕಂಬ, ಬಾಗಿಲಲ್ಲಿ ಮೋಟರ್ ಸೈಕಲ್ಲು. ಆದರೂ ಈ ಜನ ಒಂದು ದಿನವೂ ಮಾಂಸ ಬೇಯಿಸುವುದಿಲ್ಲ! ಧಾರವಾಡದಲ್ಲಿ ಗೆಳೆಯನ ಮನೆಯಲ್ಲಿ ಶುಕ್ರವಾರ ತಪ್ಪುತ್ತಿರಲಿಲ್ಲ. ಗಂಡನನ್ನು ಕೇಳಿದರೆ, "ಈ ಊರಲ್ಲಿ ಮಾಂಸ ಬಲು ತುಟ್ಟಿ. ನಾವೂ ಸ್ವಲ್ಪ ದಿನ ಹಿಡಿತ ಮಾಡೋಣ," ಎಂದು ಬೂಟು ಬಿಚ್ಚುತ್ತ ಬೇರೆ ಮಾತಿಗೆ ಹೊರಳಿದ್ದ. ಹಾಗಾದರೆ ಪಾಪ, ಮನೆ ದೊಡ್ಡದು, ಕೈ ಬರಿದು ಎಂದುಕೊಂಡಳು ಅವಳು. ಅಂಥದರಲ್ಲೂ ಈ ಮುದುಕಿ ನನಗೆ ಹೋಳಿಗೆ ತರುತ್ತಾಳಲ್ಲ!

ಶ್ರಾವಣದ ಒಂದು ಶನಿವಾರ ಸಹರ್ ಓಣಿಯ ತುದಿಯಿಂದಲೇ ಕೂಗುತ್ತ ಬಂದಳು. ಪರೀಕ್ಷೆಯಲ್ಲಿ ಪಾಸು. ಹೆಡ್‌ಮಾಸ್ತರರು ಹೆಸರು ಹಚ್ಚಿಕೊಂಡರು. ಮಾಹ್‌ಗುಲ್ ಗೋಡೆಗೆ ಆತು ಕುಳಿತುಬಿಟ್ಟಳು. ಗಡಿ ದಾಟುವಾಗ ಅವಳೊಂದು ಹರಕೆ ಹೊತ್ತಿದ್ದಳು. ಮಗಳು ಶಾಲೆಯಲ್ಲಿ ಕೂತ ದಿನ ದೇವರ ಹೆಸರಿನಲ್ಲಿ ಮಾಂಸ ಹಂಚುತ್ತೇನೆ, ಮೊದಲ ಪಾಲು ಗೋಡೆಗೆ ಗೋಡೆ ಹತ್ತಿದ ನೆರೆಮನೆಗೆ ಎಂದು. ಅವರ ಕಡೆ ಹರಕೆಯ ಪಾಲು ನೆರೆಯವರಿಗೆ ಮುಟ್ಟದೆ ಮನೆಯವರು ತುತ್ತು ಮುಟ್ಟುವಂತಿಲ್ಲ.

ಆ ವಾರ ಮಳೆಯೆಂದು ನಜೀಬ ಬಂದಿರಲಿಲ್ಲ. ಸೋಮವಾರ ಸಹರ್ ಶಾಲೆಗೆ ಹೋದ ಮೇಲೆ ಮಾಹ್‌ಗುಲ್ ಒಬ್ಬಳೇ ಬಜಾರಕ್ಕೆ ಹೊರಟಳು. ಬೈಲಹೊಂಗಲಕ್ಕೆ ಬಂದ ಮೇಲೆ ಒಬ್ಬಳೇ ಇಷ್ಟು ದೂರ ಹೋದದ್ದು ಅದೇ ಮೊದಲು. ಕಟುಕರ ಅಂಗಡಿಯಲ್ಲಿ ಗಿರಾಕಿಗಳೇ ಇರಲಿಲ್ಲ. ಅಂಗಡಿಯವನು ನೊಣ ಹೊಡೆಯುತ್ತ ಕೂತಿದ್ದ. ಕೈಸನ್ನೆ ಮಾಡಿ, ಪಕ್ಕೆಲುಬಿನ ಒಳ್ಳೆಯ ತುಂಡುಗಳನ್ನೇ ಆರಿಸಿ ತಂದಳು.

ಸಹರ್ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮನೆಗೆ ಬಂದಾಗ ತಾಯಿ ನೆಲದ ಮೇಲೆ ಕೂತು ಪಾಲು ಮಾಡುತ್ತಿದ್ದಳು. ಪಕ್ಕದಲ್ಲಿ ದೇವಕ್ಕನ ಸ್ಟೀಲಿನ ಡಬ್ಬಿ, ತಿಕ್ಕಿ ತೊಳೆದದ್ದು.

"ಇದನ್ನು ಆಯಿಗೆ ಕೊಟ್ಟು ಬಾ," ಎಂದಳು ತಾಯಿ.

ಹುಡುಗಿ ಹೌಹಾರಿದಳು. "ಬ್ಯಾಡ! ಅವರು ತಿನ್ನಂಗಿಲ್ಲ!"

"ನಮ್ಮ ಮಾತಿನಲ್ಲಿ ಹೇಳು."

"ಬ್ಯಾಡ ಅಂದ್ರ ಬ್ಯಾಡ!"

"ಹರಕೆಯ ಪಾಲಿಗೆ ಬೇಡ ಅನ್ನುತ್ತಾರೇನೇ? ನಿನಗೆ ನಾಚಿಕೆ, ಅಲ್ಲವಾ? ನಿನ್ನ ತಾಯಿ ಕೊಡುವುದನ್ನು ಒಯ್ಯಲು ನಾಚಿಕೆ. ನಾನೇ ಹೋಗುತ್ತೇನೆ."

ಸಹರ್ ಬಾಯಿ ತೆರೆದಳು. ತಾಯಿಯ ಮುಖ ನೋಡಿ ಮತ್ತೆ ಮುಚ್ಚಿದಳು. ತಾಯಿಯ ಮಾತಿನಲ್ಲಿ ಒಂದು ಸಾಲು ಸಾಕಾಗಿತ್ತು. ಸಿಟ್ಟಿಗೆ ಅದೂ ಹೊರಡಲಿಲ್ಲ.

ದೇವಕ್ಕನ ಪಡಸಾಲೆಯಲ್ಲಿ ಅಂದು ಶ್ರಾವಣ ಸೋಮವಾರದ ಪೂಜೆ. ಜಂಗಮರಾದ ಬಸಯ್ಯಸ್ವಾಮಿಯವರನ್ನು ಪ್ರಸಾದಕ್ಕೆ ಕರೆದಿದ್ದರು. ಅವರು ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದರು. ಎಲೆ ಹಾಕಿತ್ತು. ಮಾಹ್‌ಗುಲ್ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ನಗುತ್ತ ಒಳಗೆ ಬಂದಳು.

"ಬಾ ಬಾ, ಮಾಗುಲವ್ವಾ. ಛಲೋ ಹೊತ್ತಿಗೆ ಬಂದಿ. ಏನ ತಂದಿ ಇವತ್ತ?" ದೇವಕ್ಕ ಡಬ್ಬಿ ಇಸಿದುಕೊಂಡು ಅಲ್ಲೇ ಮುಚ್ಚಳ ತೆಗೆದಳು.

ಡಬ್ಬಿ ಕೈಯಿಂದ ಜಾರಿತು. ಮಾಂಸದ ತುಂಡುಗಳು ಸಾರಿಸಿದ ನೆಲದ ಮೇಲೆ, ಎಲೆಯ ಅಂಚಿನವರೆಗೆ ಚೆಲ್ಲಿದವು.

ಬಸಯ್ಯನವರು ಮೆಲ್ಲಗೆ ಎದ್ದರು. "ಇರಲಿ ದೇವಕ್ಕಾ. ತಿಳೀದ ಆಗೇತಿ. ನಾ ಮತ್ತೊಮ್ಮೆ ಬರತೇನಿ," ಎಂದು ಜೋಳಿಗೆ ಹೆಗಲಿಗೇರಿಸಿಕೊಂಡು, ಉಣ್ಣದೆ ಹೊರಟುಹೋದರು. ಆಗ ಮನೆಗೆ ಬಾಯಿ ಬಂತು.

"ಹೇಳಿದ್ನೋ ಇಲ್ಲೋ ಅತ್ತಿ? ಹಚಗೋಬ್ಯಾಡ್ರಿ ಅಂದ್ನೋ ಇಲ್ಲೋ? ಶ್ರಾವಣ ಸ್ವಾಮಾರ ಅಯ್ಯನೋರು ಉಪಾಸ ಹೋದ್ರು ನಮ್ಮ ಮನಿಯಿಂದ!" ರಾಜೇಶ್ವರಿ ಅಳುತ್ತಲೇ ನೀರು ಸುರಿಯತೊಡಗಿದಳು.

ಮಾಹ್‌ಗುಲ್ ಕೆಳಗೆ ಬಗ್ಗಿ ತುಂಡುಗಳನ್ನು ಆರಿಸಲು ಹೋದಳು. "ಮುಟ್ಟಬ್ಯಾಡ! ಹೊರಗ ನಡಿ!" ಎಂಬ ದೇವಕ್ಕನ ದನಿ ಬಂತು. ಆ ದನಿಯನ್ನು ತಿಳಿಯಲು ಯಾವ ಭಾಷೆಯೂ ಬೇಕಿರಲಿಲ್ಲ.

ಸಂಜೆ ಅಂಗಡಿಯಿಂದ ಬಂದ ಸಿದ್ಧಾರೂಢ ಹಿತ್ತಲಿಗೆ ಬಂದು, ಒಳಗೆ ಕಾಲಿಡದೆ, ನಜೀಬನಿಗೆ ಫೋನು ಹಚ್ಚಿದ. ಅವನ ಸಿಟ್ಟಿನಲ್ಲಿ ಬೈಗುಳ ಇರಲಿಲ್ಲ. ಅದೇ ಕೆಟ್ಟದ್ದು.

"ಸಾಹೇಬ್ರ, ಖೋಲಿ ಕೊಡುವಾಗ ನಾ ಒಂದ ಮಾತ ಕೇಳಿದ್ದೆ. ನೀವು ಕೈ ಮ್ಯಾಲೆ ಕೈ ಹಾಕಿ ಕೊಟ್ರಿ. ಇವತ್ತ ಊರ ತುಂಬ ನಮ್ಮ ಮನಿ ಮಾತು. ಈ ತಿಂಗಳ ಮುಗಿಯೂತನಕಾ ಇರ್ರಿ. ಆಮ್ಯಾಲೆ ಬ್ಯಾರೆ ನೋಡಿಕೊಳ್ರಿ."

ಸಹರ್ ಇದನ್ನೆಲ್ಲ ತಾಯಿಗೆ ತಮ್ಮ ಭಾಷೆಯಲ್ಲಿ ಹೇಳಿದಳು. ಹೇಳಿ, ಬಿಕ್ಕುತ್ತ ಕೂತಳು.

ಮರುದಿನ ನಜೀಬ ಬಂದ. ಚಾ ಆರಿ ಕೆನೆಗಟ್ಟಿತು, ಯಾರೂ ಮುಟ್ಟಲಿಲ್ಲ.

"ಅವರು ಮಾಂಸ ಮುಟ್ಟುವುದಿಲ್ಲ ಎಂದು ನಿನಗೆ ಗೊತ್ತಿತ್ತು," ಎಂದಳು ಮಾಹ್‌ಗುಲ್.

"ಗೊತ್ತಿತ್ತು."

"ಈ ಮನೆಯೊಳಗೆ ತರುವುದಿಲ್ಲ ಎಂದು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ."

"ಮತ್ತೆ ನನಗೆ ತುಟ್ಟಿ ಅಂದೆ!"

"ಏನು ಹೇಳಲಿ? ಮನೆ ಕೇಳುತ್ತ ಎಷ್ಟು ಬಾಗಿಲು ತಟ್ಟಿದೆ ನಿನಗೆ ಗೊತ್ತಾ? ಹೆಸರು ಕೇಳಿದ ಕೂಡಲೇ ಬಾಗಿಲು ಹಾಕಿದವರೇ ಹೆಚ್ಚು. ಇವನೊಬ್ಬ ಹೂಂ ಅಂದ. ದೇಶ ಹೋಯಿತು, ಮನೆ ಹೋಯಿತು, ಇನ್ನು ನಿನ್ನ ಒಲೆಯ ಮೇಲೆ ಏನಿಡಬೇಕೆಂದೂ ಬೇರೆಯವರು ಹೇಳುತ್ತಾರೆ ಎಂದು ನಿನ್ನ ಮುಖ ನೋಡಿ ಹೇಗೆ ಹೇಳಲಿ?"

"ಹೇಳಬೇಕಿತ್ತು," ಎಂದಳು ಮಾಹ್‌ಗುಲ್. "ನಾನು ಬೇಳೆ ತಿಂದು ಸುಮ್ಮನಿರುತ್ತಿದ್ದೆ. ಅವಳೊಬ್ಬಳು ಇದ್ದಳು ನನಗೆ ಇಲ್ಲಿ."

ನಜೀಬ ಎದ್ದು ಖೋಲಿ ಹುಡುಕಲು ಹೋದ. ಸುದ್ದಿ ಅವನಿಗಿಂತ ಮೊದಲೇ ಊರು ಸುತ್ತಿತ್ತು. ಸಂಜೆ ಬರಿಗೈಲಿ ಬಂದ.

ವಾರ ಕಳೆಯಿತು. ದೇವಕ್ಕ ಹಿತ್ತಲ ಕಡೆ ಮುಖ ಹಾಕಲಿಲ್ಲ. ನಳದ ನೀರಿಗೂ ರಾಜೇಶ್ವರಿಯೇ ಬರುವಳು, ಕೊಡ ತುಂಬುವವರೆಗೆ ಗೋಡೆ ನೋಡುತ್ತ ನಿಲ್ಲುವಳು. ಸಹರ್ ಶಾಲೆಯಿಂದ ಬಂದರೆ ಚೀಲ ಮೆಲ್ಲಗೆ ಇಟ್ಟು, ತಾಯಿ ಹಾಕಿದ್ದನ್ನು ಸುಮ್ಮನೆ ಉಣ್ಣುವಳು. ಗೋಡೆಯ ಆಚೆಯ ಮಾತೂ ದನಿ ತಗ್ಗಿಸಿತ್ತು.

ಒಂದು ಮಧ್ಯಾಹ್ನ ಮಾಹ್‌ಗುಲ್ ಮಗಳನ್ನು ಕೇಳಿದಳು: "ತಪ್ಪಾಯಿತು ಎಂದು ಇವರು ಹೇಗೆ ಹೇಳುತ್ತಾರೆ?"

ಸಹರ್ ಹೇಳಿಕೊಟ್ಟಳು. ಮಾಹ್‌ಗುಲ್ ಅದನ್ನು ಬಾಯಲ್ಲಿ ಹತ್ತಾರು ಸಲ ಹೊರಳಿಸಿ, ಮಗಳನ್ನು ಕರೆದುಕೊಂಡು ಮುಂದಿನ ಅಂಗಳಕ್ಕೆ ಹೋದಳು. ದೇವಕ್ಕ ಒಬ್ಬಳೇ ಮೊರದಲ್ಲಿ ಜೋಳ ಕೇರುತ್ತಿದ್ದಳು. ಮಾಹ್‌ಗುಲ್ ಅಂಗಳದ ಅಂಚಿನಲ್ಲೇ ನಿಂತಳು.

"ತಪ್ಪ ಆತರಿ, ದೇವಕ್ಕಾರ."

ಮೊರ ಆಡುವುದು ನಿಂತಿತು. ದೇವಕ್ಕ ತಲೆ ಎತ್ತಲಿಲ್ಲ. "ನಿಂದೇನ ತಪ್ಪವಾ? ನಿನಗ ಯಾರ ಹೇಳಿದ್ರು? ಆದ್ರ ಅನ್ನಾ ಕಲಸಾಕ ಹೋದ್ರ ಅದನ್ನ ಕಂಡಂಗ ಆಗತೈತಿ. ನಾ ಏನ ಮಾಡ್ಲಿ?" ಆಮೇಲೆ ಹುಡುಗಿಯನ್ನು ಕೇಳಿದಳು: "ಕೇಳ ನಿಮ್ಮವ್ವನ್ನ. ಯಾಕ ಕೊಟ್ಲಂತ ಅದನ್ನ?"

ಸಹರ್ ಕೇಳಿ ಹೇಳಿದಳು: "ಹರಕಿ ಹೊತ್ತಿದ್ಲಂತ, ಆಯಿ. ನನ್ನ ಹೆಸರು ಸಾಲ್ಯಾಗ ಹಚ್ಚಿದ್ರ ಮೊದಲನೇ ಪಾಲು ಬಾಜೂ ಮನೀಗೆ ಅಂತ."

ಹರಕೆ ಎಂದ ಕೂಡಲೇ ದೇವಕ್ಕನ ಕೈ ಜೋಳದ ಮೇಲೆ ಹಾಗೇ ನಿಂತಿತು. ಎಲ್ಲಮ್ಮನ ಗುಡ್ಡಕ್ಕೆ ಎಷ್ಟೋ ಹರಕೆ ಹೊತ್ತು ತೀರಿಸಿದ ಹೆಂಗಸು ಆಕೆ. "ಹರಕೀದೇನ ಅದು?" ಎಂದಳು ಮೆಲ್ಲಗೆ. "ದೇವರ ಹೆಸರಿಲೆ ಬಂದದ್ದನ್ನ ನಾವು ನಾಯಿಗೆ ಹಾಕಿದ್ವಲ್ಲವಾ. ಬ್ಯಾರೇದು ಕೊಟ್ಟಿದ್ರ ನಡೀತಿತ್ತೇನ? ರೊಟ್ಟಿ, ಬೆಲ್ಲ, ಏನರೆ?"

"ನಡೀತಿತ್ತಂತ."

"ಮತ್ತ ನಮಗ ಅದನ್ನ ಯಾಕ ತಂದ್ಲು?"

ಸಹರ್ ತಾಯಿಯ ಮಾತು ಕೇಳಿ ಸ್ವಲ್ಪ ಅನುಮಾನಿಸಿದಳು. "ನಮ್ಮ ಕಡೆ ಅದ ಎಲ್ಲಾಕ್ಕಿಂತ ದೊಡ್ಡದು. ಮತ್ತ... ನೀವು ಬಡವರು ಅಂತ ತಿಳದಿದ್ಲಂತ. ಕೊಂಡ ತಿನ್ನಾಕ ಆಗವಲ್ದು, ಪಾಪ ಅಂತ."

ದೇವಕ್ಕ ಬೆರಗಾಗಿ ನೋಡಿದಳು. "ಯಾರ? ನಾವಾ? ಎಂಟ ಎಕರೆ ಎರಿ ಹೊಲಾ ಐತವಾ ನಮಗ!" ಎಂದವಳು ನಗತೊಡಗಿದಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬಡವರಂತ ನಾವು! ಏ ರಾಜೇಶ್ವರಿ, ಕೇಳಿದೇನ?" ಒಳಗೆ ಪಾತ್ರೆ ತಿಕ್ಕುವ ಸದ್ದು ಜೋರಾಯಿತು. ಮಾಹ್‌ಗುಲ್ ನಗಬೇಕೋ ಬೇಡವೋ ತಿಳಿಯದೆ ನಿಂತೇ ಇದ್ದಳು. ದೇವಕ್ಕ ಕೂತುಕೋ ಎನ್ನಲಿಲ್ಲ.

ಅಂದು ಸಂಜೆ ದೇವಕ್ಕ ಮತ್ತು ಸಿದ್ಧಾರೂಢನ ಜಗಳ ಗೋಡೆಯ ಈಚೆಗೆ ನೆಟ್ಟಗೆ ಕೇಳಿಸಿತು. ಸಹರ್ ಸಣ್ಣ ದನಿಯಲ್ಲಿ ತಾಯಿಗೆ ತಿಳಿಸುತ್ತ ಹೋದಳು.

"ಇರಲಿ ಬಿಡಪಾ, ಸಣ್ಣ ಹುಡಿಗೀದು ಸಾಲಿ ಐತಿ."

"ಯವ್ವಾ, ನಾ ಏನ ಕಟುಕ ಏನ? ಅಂಗಡ್ಯಾಗ ಬಂದವ್ರೆಲ್ಲಾ ಅದನ್ನ ಕೇಳತಾರ. ಅಯ್ಯನೋರು ಉಣ್ಣದ ಹೋದ ಮನೀಗೆ ನಾಳೆ ಯಾರ ಬರತಾರ?"

"ಅಯ್ಯನೋರ ಇರಲಿ ಅಂದಾರ."

"ಅವರು ಅಂದಾರ. ಊರು ಅಂದೇತೇನ?"

"ನಾ ಇನ್ನ ಅಕೀ ಕೂಡ ಮಾತಾಡೂದುಲ್ಲ, ಏನೂ ಕೊಡೂದುಲ್ಲ, ತಗೋಳೂದುಲ್ಲ. ಆತಿಲ್ಲೋ?"

"ಮಾತಾಡದ ನೀ ಒಂದ ತಾಸರೆ ಇರತೀಯೇನ?"

ಆಮೇಲೆ ತಾಟಿನ ಸದ್ದು. ಸಹರ್ ತಾಯಿಯ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಮಾಹ್‌ಗುಲ್ ಬಟ್ಟೆ ಮಡಚತೊಡಗಿದಳು.

ಬೈಲಹೊಂಗಲದಲ್ಲಿ ಖೋಲಿ ಸಿಗಲಿಲ್ಲ. ಸಿಕ್ಕಿದ್ದು ಉಗರಗೋಳದಲ್ಲಿ, ಎಲ್ಲಮ್ಮನ ಗುಡ್ಡಕ್ಕೆ ಬರುವ ಯಾತ್ರಿಕರಿಗೆಂದು ಕಟ್ಟಿದ ಖೋಲಿಗಳ ಸಾಲಿನಲ್ಲಿ ಕಡೆಯದು. ಅಲ್ಲಿ ಹೆಸರು ಕೇಳುವವರಿಲ್ಲ, ಯಾವ ಒಲೆಯ ಮೇಲೆ ಏನಿದೆ ಎಂದು ನೋಡುವವರೂ ಇಲ್ಲ. ನಜೀಬನಿಗೆ ಹೊಲ ಹತ್ತಿರವಾಯಿತು. ಬೈಲಹೊಂಗಲದ ಶಾಲೆಯವರು ದಾಖಲೆ ಕೊಟ್ಟರು. ಉಗರಗೋಳದ ಶಾಲೆಯ ಮಾಸ್ತರರು, "ಕರಕೊಂಡ ಬರ್ರಿ, ನೋಡೂಣ," ಎಂದರು. ಮತ್ತೆ ಅದೇ ನೋಡೋಣ.

ಹೊರಡುವ ದಿನ ಟೆಂಪೋದವನು ಹಾರ್ನು ಬಾರಿಸುತ್ತಿದ್ದ. ಸಾಮಾನು ಹೆಚ್ಚೇನಿರಲಿಲ್ಲ. ಮಾಹ್‌ಗುಲ್ ಖೋಲಿ ಗುಡಿಸಿ, ಕೀಲಿ ರಾಜೇಶ್ವರಿಯ ಕೈಗೆ ಕೊಟ್ಟು, ಎದೆಗೆ ಕೈಯಿಟ್ಟು ತಲೆ ಬಾಗಿಸಿದಳು. ರಾಜೇಶ್ವರಿ ಈ ಸಲ ಗೋಡೆ ನೋಡಲಿಲ್ಲ. "ಹುಷಾರ ಇರ್ರಿ," ಎಂದಳು.

ಅಷ್ಟರಲ್ಲಿ ದೇವಕ್ಕ ಹೊಸ್ತಿಲಿಗೆ ಬಂದು ನಿಂತಳು. ಕೈಯಲ್ಲಿ ಬಿದಿರ ಮೊರ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬಾದಾಮಿ, ಅರಿಷಿಣ ಕೊಂಬು, ಒಂದು ಹಸಿರು ಖಣ. ಆಕೆ ಮಾಹ್‌ಗುಲ್‌ಳ ಕಡೆ ಬರಲಿಲ್ಲ. ಮೊದಲು ಸಹರ್‌ಳನ್ನು ಕರೆದಳು. ಎಂದೂ ಇಲ್ಲದ ಸಣ್ಣ ದನಿ.

"ಬಾ ಇಲ್ಲೆ. ಕೇಳ ನಿಮ್ಮವ್ವನ್ನ. ಮನಿಯಿಂದ ಹೊಂಟ ಹೆಣ್ಣಮಗಳಿಗೆ ನಾವು ಉಡಿ ತುಂಬತೇವಿ. ನಿಮ್ಮೊಳಗ ನಡೀತೈತೋ ಇಲ್ಲೋ ನನಗ ತಿಳೀದು. ಕುಂಕುಮ ಹಚ್ಚೂದುಲ್ಲ. ಬರೇ ಇಷ್ಟ. ಬ್ಯಾಡಂದ್ರ ಸಿಟ್ಟಿಲ್ಲವಾ. ತಿಳೀದ ನಾ ಒಂದ ತಪ್ಪ ಮಾಡೂದು ಬ್ಯಾಡ."

ಸಹರ್ ತಿಳಿಸಿದಳು. ಮಾಹ್‌ಗುಲ್ ಗಂಡನ ಕಡೆ ನೋಡಿದಳು. ನಜೀಬ ಟೆಂಪೋದ ಹಗ್ಗ ಬಿಗಿಯುತ್ತ ಬೇರೆ ಕಡೆ ತಿರುಗಿದ. ನಡೆಯುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಹೊಸ್ತಿಲ ಮುಂದೆ ಹೋಗಿ ಚಾದರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

ದೇವಕ್ಕ ಬೊಗಸೆ ಬೊಗಸೆಯಾಗಿ ಹಾಕಿದಳು. ತುಟಿ ಏನೋ ಹೇಳಿಕೊಳ್ಳುತ್ತಿತ್ತು. ಚಾದರಿನ ಎರಡೂ ಅಂಚು ತಾನೇ ಸುತ್ತಿ ಸೊಂಟಕ್ಕೆ ಬಿಗಿದು ಸಿಕ್ಕಿಸಿದಳು. "ಚೆಲ್ಲಬ್ಯಾಡ. ನಡುವ ಬಿಚ್ಚಬ್ಯಾಡ. ಮನಿ ಮುಟ್ಟಿದ ಮ್ಯಾಲೆ ಬಿಚ್ಚಿ ಇಡು," ಎಂದಳು. ಸಹರ್ ಅದನ್ನೂ ತಾಯಿಗೆ ತಿಳಿಸಿದಳು. ದೇವಕ್ಕ ಮೊರ ಎತ್ತಿಕೊಂಡು ಒಳಗೆ ಹೋದಳು. ಟೆಂಪೋ ಓಣಿ ದಾಟುವವರೆಗೂ ಹೊರಗೆ ಬರಲಿಲ್ಲ.

ದಾರಿಯಲ್ಲಿ ಮಾಹ್‌ಗುಲ್ ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಕೂತಳು. ಸವದತ್ತಿ ದಾಟಿತು. ಇಬ್ಬದಿಯ ಎರೆ ಹೊಲ, ಮೋಡ, ಗುಡ್ಡ.

ಉಗರಗೋಳದ ಖೋಲಿಗೆ ಒಂದು ಬಾಗಿಲು, ಒಂದು ಕಿಟಕಿ. ಪಕ್ಕದ ಖೋಲಿಯಲ್ಲಿ ಯಾವುದೋ ಊರಿನ ಮಂದಿ ಭಂಡಾರ ಹಚ್ಚಿಕೊಂಡು ಗದ್ದಲ ಎಬ್ಬಿಸಿದ್ದರು. ಅದರ ಆಚೆಯ ಖೋಲಿಗಳಿಗೆ ಬೀಗ. ನಜೀಬ ಸಾಮಾನು ಇಳಿಸಿ, ಸ್ಟೋವು ಹಚ್ಚಿ ಚಾ ಇಟ್ಟ. ಸಹರ್ ಪಕ್ಕದವರ ಬಾಗಿಲವರೆಗೆ ಹೋಗಿ ಮಾತಾಡಿಸಿ ಬಂದಳು.

"ಯಾರು?" ಎಂದಳು ತಾಯಿ.

"ವಿಜಾಪುರದ ಕಡೆಯವರಂತೆ. ನಾಳೆ ಮುಂಜಾನೆ ಹೋಗುತ್ತಾರೆ."

"ನಾಳೆ ಯಾರು ಬರುತ್ತಾರೆ?"

"ಗೊತ್ತಿಲ್ಲ. ಬೇರೆ ಯಾರಾದರೂ."

ಮಾಹ್‌ಗುಲ್ ಗೋಡೆಗೆ ಆತು ಕೂತಿದ್ದಳು. ಹೊರಗೆ ಬೆಳಕು ಇಳಿಯುತ್ತಿತ್ತು. ನಜೀಬ ಬಸಿಯಲ್ಲಿ ಚಾ ಹಾಕಿ ಅವಳ ಮುಂದಿಟ್ಟ. "ಇನ್ನೂ ಅದನ್ನು ಕಟ್ಟಿಕೊಂಡೇ ಕೂತೆಯಲ್ಲ," ಎಂದ. "ಬಂದೆವಲ್ಲ. ಬಿಚ್ಚಿ ಇಡು."

ಅವಳು ಖೋಲಿಯ ಸುತ್ತ ಒಮ್ಮೆ ನೋಡಿದಳು. ಉಡಿಯ ಗಂಟಿನ ಮೇಲೆ ಕೈಯಿಟ್ಟಳು.

"ಸ್ವಲ್ಪ ತಡಿ," ಎಂದಳು.